ಬಾಟಲಿ ಕೊಟ್ಟವರಿಗೆ, ಫ್ಯಾನ್ ನಿಲ್ಲಿಸಿದವರಿಗೆ, ಉತ್ತರ ಹೇಳದೆ ತಡೆದುಕೊಂಡವರಿಗೆ

ಒಂದರಿಂದ ಐದನೇ ತರಗತಿವರೆಗಿನ ಮಕ್ಕಳಿಗೆ ಈ ವರ್ಷ ನಡೆದ ‘ಮಾಡಿ ನೋಡುವ ವಿಜ್ಞಾನ’ದ ತರಗತಿಗಳು ಪ್ರದರ್ಶನದೊಂದಿಗೆ ಮುಗಿದವು. ಅವತ್ತು ಮೇಜಿನ ಹಿಂದೆ ನಿಂತು ವಿವರಿಸಿದವರು ಮಕ್ಕಳೇ. ಹೊಗಳಿಕೆಯೂ ಅವರಿಗೇ ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಯಾರ ಕಣ್ಣಿಗೂ ಬೀಳದೆ ದುಡಿದವರು ಬಹಳ ಜನ. ‘ಸಹಕರಿಸಿದ ಎಲ್ಲರಿಗೂ ಧನ್ಯವಾದ’ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡರೆ ಯಾರು ಏನು ಮಾಡಿದರು ಎನ್ನುವುದೇ ಉಳಿಯುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಬೇರೆ ಕಡೆ ಇಂಥದ್ದನ್ನು ಶುರು ಮಾಡುವವರಿದ್ದರೆ ಅವರಿಗೂ ಉಪಯೋಗವಾದೀತು.

ಮೊದಲ ನಮಸ್ಕಾರ ಬಾಟಲಿ ಕೂಡಿಟ್ಟ ಮನೆಯವರಿಗೆ. ಕೇಳಿದ್ದು ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ, ಅಷ್ಟೇ. ಬಂದದ್ದು ತೊಳೆದು, ಒಣಗಿಸಿ, ಲೇಬಲ್ ಕಿತ್ತು, ಮುಚ್ಚಳ ಸಮೇತ. ಆ ರಾಶಿ ಇದ್ದದ್ದರಿಂದಲೇ ‘ಇಬ್ಬರಿಗೆ ಒಂದು ಸೆಟ್’ ಎನ್ನುವ ನಿಯಮವನ್ನು ಕೊನೆಯವರೆಗೂ ಸಡಿಲಿಸದೆ ಇರಲು ಆಯಿತು. ಆರು ಮಕ್ಕಳಿಗೆ ಒಂದು ಸೆಟ್ ಕೊಟ್ಟರೆ ಇಬ್ಬರು ಮಾಡುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಮಿಕ್ಕ ಮೂವರು ಕಿಟಕಿಯಾಚೆ ನೋಡುತ್ತಾರೆ. ಆಮೇಲೆ ‘ಮಕ್ಕಳಿಗೆ ಆಸಕ್ತಿಯೇ ಇಲ್ಲ’ ಅನ್ನುವುದು ನ್ಯಾಯವಲ್ಲ.

ಆ ಬಾಟಲಿಗಳಲ್ಲಿ ಮಕ್ಕಳಿಗೆ ಅತಿ ಪ್ರಿಯವಾದದ್ದು, ಮುಚ್ಚಳ ಬಿಗಿದ ಬಾಟಲಿಯನ್ನು ಹಿಸುಕಿದರೆ ಮುಳುಗಿ, ಕೈ ಬಿಟ್ಟರೆ ಏಳುವ ಪೆನ್ ಕ್ಯಾಪ್. ಕ್ಯಾಪಿನ ತುದಿಯಲ್ಲಿ ತೂತಿದ್ದರೆ ಕ್ಲೇಯಿಂದ ಮುಚ್ಚಬೇಕು. ಈಗಿನ ಎಷ್ಟೋ ಕ್ಯಾಪುಗಳಲ್ಲಿ ತೂತು ಇರುತ್ತದೆ, ಅದನ್ನು ನೋಡದೆ ಬಿಟ್ಟರೆ ಒಳಗಿನ ಗಾಳಿ ಸೋರಿ ಕ್ಯಾಪ್ ನೇರ ತಳ ಸೇರುತ್ತದೆ. ಬಾಯಿ ಕೆಳಗೆ ಬರುವಂತೆ ಹಿಡಿದು, ಬಾಯಿಯ ಹತ್ತಿರ ಚೂರು ಚೂರೇ ಕ್ಲೇ ಮೆತ್ತುತ್ತಾ ಹೋಗಬೇಕು. ನೀರಿನಲ್ಲಿ ಕರಗದ ಎಣ್ಣೆ ಕ್ಲೇ ಆದರೆ ಒಳ್ಳೆಯದು. ಮೊದಲು ಲೋಟದ ನೀರಿನಲ್ಲಿ ಬಿಟ್ಟು ನೋಡಿ, ತುದಿ ಮಾತ್ರ ನೀರಿನ ಮೇಲೆ ಇಣುಕುವಷ್ಟು ಭಾರವಾದ ಮೇಲೆ ಬಾಟಲಿಗೆ ಹಾಕಬೇಕು. ಬಾಟಲಿಯಲ್ಲಿ ನೀರು ಕಂಠದ ಅಂಚಿನವರೆಗೂ ಇರಬೇಕು. ಮೇಲೆ ಎರಡು ಬೆರಳಿನಷ್ಟು ಗಾಳಿ ಉಳಿದರೆ, ಒತ್ತಿದಾಗ ಆ ಗಾಳಿಯೂ ಕುಗ್ಗುತ್ತದೆ. ಕ್ಯಾಪ್ ಮುಳುಗಿಸಲು ಮಗು ಇನ್ನೂ ಜೋರಾಗಿ ಹಿಸುಕಬೇಕಾಗುತ್ತದೆ. ಇನ್ನು ಕೆಲವು ಕ್ಯಾಪ್ ಮುಳುಗುತ್ತವೆ, ಕೈ ಬಿಟ್ಟರೂ ಮೇಲೆ ಬರುವುದಿಲ್ಲ. ಆಳದ ನೀರಿನ ಒತ್ತಡವೇ ಒಳಗಿನ ಗಾಳಿಗುಳ್ಳೆಯನ್ನು ಕುಗ್ಗಿಸಿ ಹಿಡಿದಿರುತ್ತದೆ. ಕ್ಲೇ ಒಂದು ಚೂರು ತೆಗೆದರೆ ಸರಿ ಹೋಗುತ್ತದೆ. ಎರಡನೇ ತರಗತಿಯವರೂ ಇದನ್ನೆಲ್ಲ ತಾವೇ ಸರಿಪಡಿಸಿಕೊಂಡರು, ಯಾಕೆಂದರೆ ಬಾಟಲಿ ಅವರ ಕೈಯಲ್ಲೇ ಇತ್ತು.

ಮುಖ್ಯೋಪಾಧ್ಯಾಯಿನಿಯವರಿಗೆ ವಿಶೇಷ ಧನ್ಯವಾದ. ವಾರಕ್ಕೊಮ್ಮೆ ಎರಡು ಪೀರಿಯಡ್‌ಗಳನ್ನು ಒಟ್ಟಿಗೆ ಸೇರಿಸಿ ಕೊಟ್ಟರು. ನಲವತ್ತು ನಿಮಿಷದಲ್ಲಿ ಸಾಮಾನು ಹಂಚಲು ಹತ್ತು, ಎತ್ತಿಡಲು ಹತ್ತು ಹೋದರೆ ಉಳಿಯುವುದು ಇಪ್ಪತ್ತು. ಅಷ್ಟರಲ್ಲಿ ಪ್ರಯೋಗ ಒಂದು ಸಲ ಕೆಡುತ್ತದೆ, ಸರಿ ಮಾಡುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಎರಡನೇ ಸಲ ಮಾಡಿ ನೋಡಲು ಸಮಯವಿಲ್ಲದ ತರಗತಿಯಲ್ಲಿ ಉಳಿಯುವುದು ಗದ್ದಲ ಮಾತ್ರ.

ಎರಡನೇ ಸಲದ ಬೆಲೆ ಚೆನ್ನಾಗಿ ಗೊತ್ತಾಗುವುದು ಅಡುಗೆ ಸೋಡಾ ಮತ್ತು ವಿನೆಗರ್ ಪ್ರಯೋಗದಲ್ಲಿ. ಹಿಂದಿನ ದಿನವೇ ಕೂತು ಸೋಡಾವನ್ನು ಅಳೆದು ಪೊಟ್ಟಣ ಕಟ್ಟಿದ ತಾಯಂದಿರೇ, ನಿಮ್ಮ ಆ ಕೆಲಸದಿಂದಲೇ ಅದು ಬರೀ ನೊರೆಯ ಆಟವಾಗದೆ ಪ್ರಯೋಗವಾಯಿತು. ಅರ್ಧ ಲೀಟರಿನ ಪ್ರತಿ ಬಾಟಲಿಗೂ ಶೇ. 5ರ ವಿನೆಗರ್ 100 ಮಿ.ಲೀ. ಪೊಟ್ಟಣಗಳಲ್ಲಿ ಅರ್ಧ, ಒಂದು, ಒಂದೂವರೆ, ಎರಡು, ಮೂರು ಟೀ ಚಮಚ ಸೋಡಾ. ಚಮಚ ಗುಡ್ಡೆಯಾಗಬಾರದು, ಸ್ಕೇಲಿನಿಂದ ಸಮ ಮಾಡಿರಬೇಕು. ಆಗ ಒಂದು ಚಮಚ ಸುಮಾರು 5 ಗ್ರಾಂ. ಸೋಡಾವನ್ನು ಆಲಿಕೆಯಿಂದ ಬಲೂನಿನೊಳಗೆ ಹಾಕಿ, ಬಲೂನಿನ ಬಾಯಿಯನ್ನು ಬಾಟಲಿಗೆ ಬಿಗಿಯಾಗಿ ಸಿಕ್ಕಿಸಿ, ಆಮೇಲೆ ಬಲೂನನ್ನು ಎತ್ತಿ ಸೋಡಾ ಬೀಳಿಸಬೇಕು. ಸೋಡಾವನ್ನು ನೇರ ಬಾಟಲಿಗೆ ಸುರಿದರೆ ಬಲೂನು ಸಿಕ್ಕಿಸುವಷ್ಟರಲ್ಲಿ ಅರ್ಧ ಅನಿಲ ಹೊರಗೆ. ಹೊಸ ಬಲೂನು ಗಡುಸಾಗಿರುತ್ತದೆ. ಪಂಪಿನಿಂದ ಎರಡು ಸಲ ಊದಿ ಗಾಳಿ ಬಿಟ್ಟು ಸಡಿಲಿಸದಿದ್ದರೆ ಮೊದಲ ಅಳತೆಯೇ ತಪ್ಪುತ್ತದೆ. ಊದಿದ ಬಲೂನಿನ ಸುತ್ತಳತೆಯನ್ನು ದಾರದಲ್ಲಿ ಹಿಡಿದು ಗೋಡೆಗೆ ಅಂಟಿಸಿದರು, ಅದೇ ಅವರ ಗ್ರಾಫ್. ಮೊದಲ ಮೂರು ದಾರ ಉದ್ದವಾಗುತ್ತಾ ಹೋದವು, ಆಮೇಲೆ ನಿಂತೇ ಹೋಯಿತು. ‘ಸೋಡಾ ಜಾಸ್ತಿ, ಬಲೂನು ಯಾಕೆ ಅಷ್ಟೇ?’ ಎಂಬ ಪ್ರಶ್ನೆ ಬರಬೇಕಾದದ್ದು ಅಲ್ಲಿಯೇ. ಆ 100 ಮಿ.ಲೀ. ವಿನೆಗರ್ ಸುಮಾರು 7 ಗ್ರಾಂ ಸೋಡಾದ ಜೊತೆ ವರ್ತಿಸಿ ಮುಗಿದುಹೋಗುತ್ತದೆ. ಮೂರು ಚಮಚದ ಬಾಟಲಿಗೆ ಇನ್ನಷ್ಟು ವಿನೆಗರ್ ಸುರಿದಾಗ ಮತ್ತೆ ನೊರೆ ಎದ್ದಿತು, ಉತ್ತರ ಕೊಟ್ಟದ್ದು ಬಾಟಲಿಯೇ. (ಅನಿಲ ಎರಡು ಪಟ್ಟಾದರೆ ಸುತ್ತಳತೆ ಹೆಚ್ಚುವುದು ಕಾಲು ಪಾಲಿನಷ್ಟು ಮಾತ್ರ. ಐದನೇ ತರಗತಿಯಲ್ಲಿ ಇದನ್ನು ಕೆದಕುವವರು ಒಬ್ಬಿಬ್ಬರು ಸಿಕ್ಕೇ ಸಿಗುತ್ತಾರೆ, ತಯಾರಾಗಿರಿ.)

ಶಾಲೆಯ ಸಹಾಯಕರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಾಗದದ ಹೆಲಿಕಾಪ್ಟರ್ ದಿನ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಬೆವರಿಳಿಸಿಕೊಂಡು ನಮ್ಮ ಜೊತೆ ನಿಂತವರು ಅವರು. 20 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಪಟ್ಟಿ, ಮೇಲಿನಿಂದ ನಡುವೆ 9 ಸೆಂ.ಮೀ. ಸೀಳಿದರೆ ಎರಡು ರೆಕ್ಕೆ. ಕೆಳಭಾಗ ಮಡಚಿ ಒಂದು ಪೇಪರ್ ಕ್ಲಿಪ್. ರೆಕ್ಕೆ ಎರಡನ್ನೂ ಒಂದೇ ಕಡೆಗೆ ಮಡಚಿದರೆ ತಿರುಗುವುದಿಲ್ಲ, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಡಚಬೇಕು. ಮಡಿಕೆ ಅದಲು ಬದಲಾದರೆ ತಿರುಗುವ ದಿಕ್ಕೂ ಬದಲು. ಸ್ಟಾಪ್‌ವಾಚ್ ಹಿಡಿಯುವ ಗೋಜು ಬೇಡ. ಎರಡು ಮೀಟರ್ ಎತ್ತರದಿಂದ ಬೀಳುವುದು ಅಷ್ಟು ಬೇಗ ಮುಗಿಯುತ್ತದೆ, ಮಗುವಿನ ಹೆಬ್ಬೆರಳಿನ ತಡವೇ ಅಳತೆಯನ್ನು ಕೆಡಿಸುತ್ತದೆ. ಉದ್ದ ರೆಕ್ಕೆಯದನ್ನೂ ಗಿಡ್ಡ ರೆಕ್ಕೆಯದನ್ನೂ ಒಟ್ಟಿಗೆ ಬಿಟ್ಟು ಯಾವುದು ಮೊದಲು ನೆಲ ಮುಟ್ಟಿತು ಎಂದು ನೋಡಿದರೆ ಸಾಕು. ಎಸೆಯಬಾರದು, ಬಿಡಬೇಕು.

ಹಳೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಎನಾಮಲ್ ತಂತಿ ಸುತ್ತಿ ಕೊಟ್ಟ ವೈಂಡಿಂಗ್ ಕೆಲಸದವರಿಗೂ ಋಣಿ. ಐದನೇ ತರಗತಿಯವರ ಮೋಟರ್ ಓಡಿದ್ದು ಆ ತಂತಿಯಿಂದ. ದೊಡ್ಡ ಸೆಲ್ ಒಂದು, ಸೇಫ್ಟಿ ಪಿನ್ ಎರಡು, ರಬ್ಬರ್ ಬ್ಯಾಂಡ್, ಅಯಸ್ಕಾಂತ ಒಂದು. ತಂತಿಯನ್ನು ಸೆಲ್ಲಿನ ಸುತ್ತಲೇ ಹತ್ತು-ಹದಿನೈದು ಸುತ್ತು ಸುತ್ತಿದರೆ ಸುರುಳಿ. ಪಿನ್ನುಗಳನ್ನು ರಬ್ಬರ್ ಬ್ಯಾಂಡಿನಿಂದ ಸೆಲ್ಲಿನ ಎರಡು ತುದಿಗೆ ಬಿಗಿದು, ಸುರುಳಿಯ ಎರಡು ತುದಿಗಳನ್ನು ಅವುಗಳ ಕಣ್ಣಿಗೆ ಸಿಕ್ಕಿಸಿ, ಸುರುಳಿಯ ಕೆಳಗೆ ಅಯಸ್ಕಾಂತ ಇಡಬೇಕು. ಮೋಟರ್ ಓಡದಿದ್ದರೆ ತಪ್ಪು ಹೆಚ್ಚಾಗಿ ಇರುವುದು ಒಂದೇ ಜಾಗದಲ್ಲಿ, ತಂತಿಯ ತುದಿಯಲ್ಲಿ. ತಾಮ್ರದ ಬಣ್ಣ ಕಂಡಿತೆಂದು ಮಕ್ಕಳು ಹಾಗೇ ಸಿಕ್ಕಿಸುತ್ತಾರೆ, ಆದರೆ ಮೇಲೆ ವಿದ್ಯುತ್ತನ್ನು ಬಿಡದ ಎನಾಮಲ್ ಪದರ ಇದೆ. ಒಂದು ತುದಿಯನ್ನು ಸ್ಯಾಂಡ್‌ಪೇಪರಿನಿಂದ ಸುತ್ತಲೂ ಉಜ್ಜಬೇಕು, ಇನ್ನೊಂದನ್ನು ಮೇಲಿನ ಅರ್ಧ ಮಾತ್ರ. ಎರಡನ್ನೂ ಪೂರ್ತಿ ಉಜ್ಜಿದರೆ ಅರ್ಧ ಸುತ್ತು ಮುಂದೆ ತಳ್ಳಿದ ಬಲವೇ ಮಿಕ್ಕರ್ಧದಲ್ಲಿ ಹಿಂದಕ್ಕೆ ಎಳೆಯುತ್ತದೆ, ಸುರುಳಿ ತೂಗಾಡುತ್ತದೆ, ತಿರುಗುವುದಿಲ್ಲ. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ, ಸೆಲ್ಲೂ ಪಿನ್ನೂ ಬಿಸಿಯಾಗುತ್ತವೆ.

ಬಟನ್ ಸೆಲ್ (ನಾಣ್ಯದಂಥ ಚಪ್ಪಟೆ ಸೆಲ್) ಬೇಡವೇ ಬೇಡ ಎಂದು ಹಠ ಹಿಡಿದ ಒಂದನೇ ತರಗತಿಯ ಟೀಚರ್‌ಗೂ ಇಲ್ಲೇ ಕೈಮುಗಿಯುತ್ತೇವೆ. ಅದು ಎಲ್‌ಇಡಿಗೆ ಅನುಕೂಲವೇ, ನಡುವೆ ವಿದ್ಯುತ್ತನ್ನು ತಗ್ಗಿಸುವ ರೆಸಿಸ್ಟರ್ ಕೂಡ ಬೇಕಾಗುವುದಿಲ್ಲ. ಆದರೆ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಎರಡು ಪೆನ್ ಸೆಲ್, 100 ಓಮ್ ರೆಸಿಸ್ಟರ್, ಕೆಂಪು ಎಲ್‌ಇಡಿ ಹಾಕಿದರೂ ಅದೇ ಬೆಳಕು. ಉದ್ದ ಕಾಲು ಪ್ಲಸ್ ಕಡೆಗೆ. ಈ ಎಲ್‌ಇಡಿಯ ಜೊತೆ ಟಾರ್ಚ್ ಬಲ್ಬೂ ಇಟ್ಟುಕೊಳ್ಳಿ: ಪೆನ್ಸಿಲಿನ ಕಡ್ಡಿಯ ಮೂಲಕ ಜೋಡಿಸಿದರೆ ಎಲ್‌ಇಡಿ ಹೊತ್ತುತ್ತದೆ, ಬಲ್ಬು ಮಂಕಾಗುತ್ತದೆ ಇಲ್ಲವೇ ಹೊತ್ತುವುದೇ ಇಲ್ಲ. ವಾಹಕವೋ ಅವಾಹಕವೋ ಎಂಬ ಜಗಳ ಅರ್ಧ ಗಂಟೆ ನಡೆಯುತ್ತದೆ. ನಡೆಯಲಿ.

ಎಲ್ಲಕ್ಕಿಂತ ಕಷ್ಟದ ಕೆಲಸ ಮಾಡಿದವರು ತರಗತಿ ಶಿಕ್ಷಕರು: ಉತ್ತರ ಗೊತ್ತಿದ್ದೂ ಸುಮ್ಮನಿದ್ದರು. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಕಾದು ಮುಂದೆ ಹೋಗುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದ ಮಕ್ಕಳೂ ಮಾತಾಡುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡ್ ಕಾಗದದ ಮೇಲೆ ಚಿಕ್ಕದು, ತರಗತಿಯ ಮುಂದೆ ನಿಂತವರಿಗೆ ಯುಗ.

ಮೇಣದಬತ್ತಿಯ ದಿನವಂತೂ ಅವರ ಸಂಯಮಕ್ಕೆ ಪರೀಕ್ಷೆ. ತಟ್ಟೆಯ ನೀರಿನಲ್ಲಿ ಉರಿಯುವ ಬತ್ತಿ, ಅದರ ಮೇಲೆ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಏರುತ್ತದೆ. ‘ಆಮ್ಲಜನಕ ಖರ್ಚಾಯಿತು, ಅದರ ಜಾಗಕ್ಕೆ ನೀರು ಬಂತು’ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲೇ ಇರುತ್ತದೆ. ಅದು ತಪ್ಪು. ಬತ್ತಿ ಆರುವಾಗಲೂ ಲೋಟದಲ್ಲಿ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ಜ್ವಾಲೆಯ ಬಿಸಿಗೆ ಹಿಗ್ಗಿದ ಗಾಳಿ ಲೋಟ ಇಡುವಾಗಲೇ ಅಂಚಿನಿಂದ ಹೊರಟುಹೋಗುತ್ತದೆ, ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತದೆ. ಇದನ್ನು ಹೇಳಬೇಕಾಗಿಲ್ಲ, ತೋರಿಸಬಹುದು. ನೀರು ಜೋರಾಗಿ ಏರುವುದು ಬತ್ತಿ ಉರಿಯುವಾಗಲೋ ಆರಿದ ಮೇಲೋ ನೋಡಲು ಹೇಳಿ. ಆಮೇಲೆ ಅದೇ ಲೋಟದಡಿ ಮೂರು ಬತ್ತಿ ಇಡಿ. ಲೋಟದಲ್ಲಿರುವ ಆಮ್ಲಜನಕ ಅಷ್ಟೇ, ನೀರು ಮಾತ್ರ ಹೆಚ್ಚು ಏರುತ್ತದೆ. ಪಠ್ಯದ ಉತ್ತರವನ್ನು ಪಕ್ಕಕ್ಕಿಟ್ಟು ಮಕ್ಕಳ ಜೊತೆ ತಾವೂ ಬಗ್ಗಿ ನೋಡಿದ ನಾಲ್ಕನೇ ತರಗತಿಯ ಮೇಷ್ಟ್ರಿಗೆ ನಮಸ್ಕಾರ. ವಿಜ್ಞಾನಿ ಮೈಕೆಲ್ ಫ್ಯಾರಡೆ 1860ರ ಕೊನೆಯಲ್ಲಿ ಲಂಡನ್ನಿನಲ್ಲಿ ಎಳೆಯರಿಗೆಂದು ಬರೀ ಮೇಣದಬತ್ತಿಯ ಮೇಲೆ ಆರು ಉಪನ್ಯಾಸ ಶುರು ಮಾಡಿದ್ದರು. ಆರು ಯಾಕೆ ಬೇಕಾಯಿತೆಂದು ಅವತ್ತು ಎಲ್ಲರಿಗೂ ಅರ್ಥವಾಯಿತು. ಬೆಂಕಿ ಇದ್ದ ದಿನ ಪ್ರತಿ ಮೇಜಿಗೊಬ್ಬರಂತೆ ನಿಂತ, ಜಡೆ ಕಟ್ಟಿಸಿದ, ಬಕೆಟ್ಟಿನಲ್ಲಿ ನೀರು ತುಂಬಿಟ್ಟ ಪೋಷಕರಿಗೂ ಧನ್ಯವಾದ.

ರಜೆಯಲ್ಲೂ ಬಂದು ಕಾಳು ಮೊಳಕೆಗಿಟ್ಟ ಹತ್ತಿ ಒಣಗದಂತೆ ನೋಡಿಕೊಂಡವರಿಗೆ, ಅದಕ್ಕಿಂತ ಹೆಚ್ಚಾಗಿ ನೀರು ನಿಲ್ಲುವಷ್ಟು ಸುರಿಯದೆ ಇದ್ದದ್ದಕ್ಕೆ, ವಂದನೆ. ಕಾಳು ಕೊಳೆಯುವುದು ನೀರು ಹೆಚ್ಚಾಗಿ ಗಾಳಿ ಸಿಗದೆ. ಕತ್ತಲಲ್ಲಿಟ್ಟ ಸಸಿ ಬೆಳಕಿನದಕ್ಕಿಂತ ಎತ್ತರ ಬೆಳೆದದ್ದನ್ನು ಕಂಡು ‘ಗಿಡಕ್ಕೆ ಕತ್ತಲೇ ಒಳ್ಳೆಯದು’ ಎಂದು ಬರೆದ ಮಕ್ಕಳ ಪುಸ್ತಕಕ್ಕೆ ಯಾರೂ ಕೆಂಪು ಗೆರೆ ಎಳೆಯಲಿಲ್ಲ. ಇನ್ನೊಂದು ವಾರ ಬಿಟ್ಟು ಎಲೆಯ ಬಣ್ಣ, ಕಾಂಡದ ದಪ್ಪ ನೋಡಿ ಅವರೇ ತಿದ್ದಿಕೊಂಡರು.

ಮಕ್ಕಳೇ, ನಿಮಗೆ ಧನ್ಯವಾದ ಹೇಳಲು ಒಂದು ಕಾರಣ ಸಾಲದು. ಸಾಮಾನು ಕೈಗೆ ಬರುವ ಮುಂಚೆ ಐದು ನಿಮಿಷ ಸೂಚನೆ ಕೇಳಿದಿರಿ (ಬಂದ ಮೇಲೆ ಕೇಳುವವರು ಯಾರೂ ಇಲ್ಲ, ದೊಡ್ಡವರೂ ಕೇಳುವುದಿಲ್ಲ). ‘ಏನಾಗುತ್ತೆ ಅಂತ ಮೊದಲು ಬರಿ’ ಎಂದಾಗ ಬರೆದಿರಿ, ತಪ್ಪಾದರೆ ಅಳಿಸಲಿಲ್ಲ. ‘ಹೆಲಿಕಾಪ್ಟರಿಗೆ ನಾಲ್ಕು ರೆಕ್ಕೆ ಮಾಡಿದರೆ?’, ‘ಬಾಟಲಿಯಲ್ಲಿ ಉಪ್ಪುನೀರು ತುಂಬಿದರೆ ಕ್ಯಾಪ್ ಮುಳುಗುತ್ತಾ?’, ಇಂಥ ನಿಮ್ಮ ಪ್ರಶ್ನೆಗಳ ಚೀಟಿಗಳನ್ನು ಡಬ್ಬಿಯಲ್ಲಿ ಹಾಗೇ ಇಟ್ಟಿದ್ದೇವೆ. ಮುಂದಿನ ವರ್ಷ ಶುರುವಾಗುವುದು ಅಲ್ಲಿಂದ.

ಸಾಮಾನಿನ ಪೆಟ್ಟಿಗೆಗಳನ್ನು ವಿಜ್ಞಾನದ ಕೋಣೆಯ ಕಪಾಟಿನಲ್ಲಿ ಜೋಡಿಸಿದ ಏಳನೇ ತರಗತಿಯವರಿಗೆ ಕೊನೆಯ ಧನ್ಯವಾದ. ಸೆಲ್‌ಗಳನ್ನೆಲ್ಲ ಹೋಲ್ಡರಿನಿಂದ ತೆಗೆದು ಬೇರೆ ಇಟ್ಟಿದ್ದಾರೆ, ಬಿಟ್ಟಿದ್ದರೆ ರಜೆ ಮುಗಿಯುವಷ್ಟರಲ್ಲಿ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತಿತ್ತು. ಬಲೂನು ಉಳಿಸಿಲ್ಲ, ಹಳೆಯ ರಬ್ಬರು ಒಡೆಯುತ್ತದೆ, ಹೊಸದೇ ಬೇಕು. ಮುಂದಿನ ವರ್ಷಕ್ಕೆ ಬೇಕಾದದ್ದು ಬಾಟಲಿ, ತೂತಿಲ್ಲದ ಪೆನ್ ಕ್ಯಾಪ್ ಮತ್ತು ಸ್ಯಾಂಡ್‌ಪೇಪರ್. ಶಾಲೆ ತೆರೆದ ಮೊದಲ ವಾರ ತಂದುಕೊಟ್ಟರೆ ಸಾಕು.