ಆಲ್ಟೋ ಸಾಲಿನ ಪಕ್ಕದವರಿಗೆ

ಕ್ವಾಯರ್, ಅಂದರೆ ನಮ್ಮ ಹಾಡುವ ತಂಡದ ಕಾರ್ಯಕ್ರಮವೂ ಆಯಿತು, ಮ್ಯೂಸಿಕಲ್ ಅನ್ನುವ ಹಾಡಿನ ನಾಟಕದ ಕೊನೆಯ ಶೋ ಕೂಡ ಮುಗಿಯಿತು. ಬ್ರೆಮೆನ್‌ನಲ್ಲಿ ಈಗ ನಾಲ್ಕೂವರೆಗೆಲ್ಲ ಕತ್ತಲು. ಎಷ್ಟೋ ದಿನಗಳ ಮೇಲೆ ಸಂಜೆ ಹೊತ್ತು ಮನೆಯಲ್ಲಿ ಸುಮ್ನೆ ಕೂತಿದ್ದೇನೆ.

ಜರ್ಮನಿಯ ರಂಗಮಂದಿರಗಳಲ್ಲಿ ಒಂದು ನಂಬಿಕೆ ಇದೆ. ವೇದಿಕೆ ಹತ್ತುವ ಮುಂಚೆ ಜೊತೆಯವರು ಭುಜದ ಹತ್ತಿರ ಬಾಗಿ 'ಟೋಯ್ ಟೋಯ್ ಟೋಯ್' ಅನ್ನುತ್ತಾರೆ. ಅದಕ್ಕೆ ಥ್ಯಾಂಕ್ಸ್ ಹೇಳಬಾರದು, ಹೇಳಿದರೆ ಅಪಶಕುನ. ಆ ವಾರವೆಲ್ಲ ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳಬಹುದು ಅಲ್ವಾ?

ಕ್ವಾಯರ್‌ನಲ್ಲಿ ಈ ಸಲ ಜರ್ಮನ್ ಸಂಗೀತ ರಚನಕಾರ ಬ್ರಾಮ್ಸ್‌ನ 'ಜರ್ಮನ್ ರೆಕ್ವಿಯಂ'. ರೆಕ್ವಿಯಂ ಅಂದರೆ ಸತ್ತವರ ನೆನಪಿನ ಸಂಗೀತ. 1868ರ ಗುಡ್ ಫ್ರೈಡೇ ದಿನ ಬ್ರಾಮ್ಸ್ ಅದನ್ನು ನಡೆಸಿಕೊಟ್ಟದ್ದು ಇದೇ ಊರಿನ ಕೆಥೆಡ್ರಲ್‌ನಲ್ಲಿ, ಹಾಗಾಗಿ ಇಲ್ಲಿನವರಿಗೆ ಅದರ ಮೇಲೆ ಮಮತೆ ಜಾಸ್ತಿ. ಮ್ಯೂಸಿಕಲ್‌ನಲ್ಲಿ ನನ್ನದು ಎರಡನೇ ಕೀಬೋರ್ಡ್. ಒಂದೇ ಹಾಡಿನಲ್ಲಿ ಹಾರ್ಪ್, ಪಿಟೀಲು, ಗಂಟೆ ಎಲ್ಲ ನಾನೇ. ಶಬ್ದ ಬದಲಿಸಲು ಕಾಲು ಸದಾ ಪೆಡಲ್ ಮೇಲೆ. ಎರಡರ ರಿಹರ್ಸಲ್ಲೂ ಒಂದೇ ಸಂಜೆ ಬಿದ್ದಾಗ ಕ್ವಾಯರ್ ತಪ್ಪುತ್ತಿತ್ತು.

ಕಾರ್ಯಕ್ರಮಕ್ಕೆ ಮುಂಚಿನ ಒಂದು ಗುರುವಾರ ರಾತ್ರಿ ಹತ್ತಕ್ಕೆ ಕ್ವಾಯರ್ ಮುಗಿಸಿ ಕೋಟು ಹಾಕಿಕೊಳ್ಳುವಾಗ ಮೈಸೂರಿನಿಂದ ಫೋನ್ ಬಂತು. ಅಮ್ಮ ಐಸಿಯು ಸೇರಿದ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. 'ಬೆಳಗ್ಗೆ ಒಂಬತ್ತಕ್ಕೆ ಡಾಕ್ಟರ್ ಬರ್ತಾರೆ, ಆಮೇಲೆ ಟಿಕೆಟ್ ತೆಗಿ' ಅಂದ ಅಣ್ಣ. ಅಲ್ಲಿ ಒಂಬತ್ತು ಅಂದರೆ ಇಲ್ಲಿ ಬೆಳಗಿನ ಜಾವ ನಾಲ್ಕೂವರೆ.

ಆಲ್ಟೋ, ಅಂದರೆ ಹೆಂಗಸರ ತಗ್ಗು ದನಿಯ ಸಾಲಿನಲ್ಲಿ ನನ್ನ ಪಕ್ಕ ನಿಂತು ಹಾಡುವ ಯಮ್ಮ ಏನೂ ಕೇಳದೆ ನನ್ನ ಜೊತೆ ಮನೆಗೆ ಬಂದರು. ಟ್ರಾಮ್ ಓಡಿಸಿ ನಿವೃತ್ತರಾದವರು. 'ನನಗೆ ರಾತ್ರಿ ಪಾಳಿ ಅಭ್ಯಾಸ' ಎಂದಷ್ಟೇ ಹೇಳಿ ಅಡುಗೆಮನೆಯಲ್ಲಿ ಕೂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ನನ್ನ ಸ್ಕೋರ್, ಅಂದರೆ ಸ್ವರ ಬರೆದ ಪುಸ್ತಕ, ಎಳೆದುಕೊಂಡು, ನಾನು ತಪ್ಪಿಸಿಕೊಂಡ ರಿಹರ್ಸಲ್‌ಗಳ ಗುರುತುಗಳನ್ನೆಲ್ಲ ಪೆನ್ಸಿಲಿನಲ್ಲಿ ಹಾಕತೊಡಗಿದರು. ಉದ್ದ ಸಾಲುಗಳಲ್ಲಿ ಅಕ್ಕಪಕ್ಕದವರು ಒಟ್ಟಿಗೆ ಉಸಿರು ತೆಗೆದುಕೊಳ್ಳಬಾರದು, ಹಾಡು ತುಂಡಾಗುತ್ತದೆ. ಅವರು ಎಲ್ಲಿ ಉಸಿರು ತೆಗೆಯುತ್ತಾರೆ, ನಾನು ಎಲ್ಲಿ ತೆಗೆಯಬೇಕು, ಪುಟಪುಟಕ್ಕೂ ಬರೆದರು. ಮಧ್ಯೆ ಎರಡು ಸಲ ಟೀ ಮಾಡಿದರು. ಟೀ ಕೆಟ್ಟದಾಗಿತ್ತು.

ಐದನೇ ಭಾಗ ಬಂದಾಗ ಪೆನ್ಸಿಲ್ ಕೆಳಗಿಟ್ಟರು. ತಾಯಿ ಮಗುವನ್ನು ಸಂತೈಸುವ ಹಾಗೆ ಸಂತೈಸುತ್ತೇನೆ ಎಂಬ ಮಾತು ಅಲ್ಲಿ ಕೋರಸ್‌ಗಿದೆ. ಬ್ರಾಮ್ಸ್ ಈ ಭಾಗವನ್ನು ಬ್ರೆಮೆನ್ ಪ್ರದರ್ಶನದ ನಂತರ ಸೇರಿಸಿದ್ದು. ಆ ರಾತ್ರಿ ನನಗೆ ಆ ಪುಟ ನೋಡಲಾಗಲಿಲ್ಲ. ಅಮ್ಮ ಐಸಿಯುನಲ್ಲಿರುವಾಗ ಇದನ್ನು ಯಾರು ಹಾಡುತ್ತಾರೆ, ನನ್ನಿಂದ ಆಗಲ್ಲ ಅಂತ ಕನ್ನಡದಲ್ಲೇ ಕಿರುಚಿದೆ. ಅವರಿಗೆ ಕನ್ನಡ ಬರುವುದಿಲ್ಲ. 'ಆ ಪುಟ ನಾನು ಹಾಡ್ತೀನಿ, ನೀನು ನಿಂತಿದ್ರೆ ಸಾಕು' ಅಂದರು.

ನಾಲ್ಕೂವರೆ ದಾಟಿದ ಮೇಲೆ ಅಣ್ಣನ ಫೋನ್ ಬಂತು. ಗಾಬರಿ ಇಲ್ಲ ಅಂದ. ಇವರು ಕೋಟು ಹಾಕಿಕೊಂಡು ಮೊದಲ ಟ್ರಾಮ್ ಹಿಡಿಯಲು ಹೊರಟರು.

ಕಾರ್ಯಕ್ರಮದ ದಿನ ಐದನೇ ಭಾಗದಲ್ಲಿ ನಾನು ನಿಂತೇ ಇದ್ದೆ, ಅವರು ಹಾಡಿದರು. ಉಳಿದದ್ದೆಲ್ಲ ಹಾಡಿದೆ.

ನನ್ನ ಬದಲು ಒಂದು ಶೋ ನುಡಿಸಿಕೊಟ್ಟ ಗೆಳೆಯನಿಗೆ, ರಿಹರ್ಸಲ್ ದಿನ ಅದಲುಬದಲು ಮಾಡಿದ ಇಬ್ಬರು ನಿರ್ದೇಶಕರಿಗೆ, ಚಿತ್ರಾನ್ನ ತಂದುಕೊಟ್ಟ ಕನ್ನಡದ ಮನೆಗಳಿಗೆ, ಅಮ್ಮನಿಗಾಗಿ ರಾತ್ರಿ ಆಸ್ಪತ್ರೆಯಲ್ಲೇ ಉಳಿದ ಅತ್ತಿಗೆಗೆ ಥ್ಯಾಂಕ್ಸ್.

ಅಮ್ಮ ಈಗ ಮನೆಯಲ್ಲಿದ್ದಾರೆ. ರೆಕಾರ್ಡಿಂಗ್ ಕೇಳಿ 'ಚೆನ್ನಾಗಿದೆ, ಆದ್ರೆ ಯಾಕೆ ಇಷ್ಟು ನಿಧಾನ' ಅಂದರು. ಆ ರಾತ್ರಿ ನನ್ನ ಜೊತೆ ಕೂತ ಯಮ್ಮನಿಗೆ ಒಂದು ಮೈಸೂರು ಸಿಲ್ಕ್ ಕಳಿಸುತ್ತಾರಂತೆ, ಬ್ಲೌಸ್ ಅಳತೆ ಕೇಳು ಅಂತ ದಿನಾ ಫೋನ್. ಮುಂದಿನ ಗುರುವಾರ ಕ್ವಾಯರ್‌ಗೆ ಟೇಪು ತೆಗೆದುಕೊಂಡು ಹೋಗಬೇಕು.