ಏಳು ವರ್ಷ ಸಹಿಸಿಕೊಂಡ ನನ್ನ ವಾರ್ಡಿನವರಿಗೆ

ನಮ್ಮ ಪುರಸಭೆಯ ಅವಧಿ ಮುಗಿದಿದೆ. ಆಡಳಿತಾಧಿಕಾರಿಗಳು ಬಂದಿದ್ದಾರೆ. ಗೇಟಿನ ಮೇಲಿದ್ದ ‘ಸದಸ್ಯರು, ಪುರಸಭೆ’ ಎಂಬ ಫಲಕವನ್ನು ಮಗ ಬಿಚ್ಚಿಟ್ಟುಕೊಂಡಿದ್ದಾನೆ. ಅದರ ಹಿಂಬದಿ ಕೇರಂ ಆಟದ ಲೆಕ್ಕ ಬರೆಯಲು ಚೆನ್ನಾಗಿದೆಯಂತೆ. ಆದರೆ ನಿಮಗೆ ಸಲ್ಲಬೇಕಾದ ಧನ್ಯವಾದ ಇನ್ನೂ ಬಾಕಿ ಇದೆ.

ಐದು ವರ್ಷಕ್ಕೆಂದು ಆರಿಸಿ ಏಳು ವರ್ಷ ಸಹಿಸಿಕೊಂಡಿರಿ. ಈ ಲೆಕ್ಕ ಹಲವರಿಗೆ ಇಂದಿಗೂ ತಿಳಿದಿಲ್ಲ. 2018ರ ಆಗಸ್ಟ್ 31ರಂದು ಮತದಾನ ನಡೆಯಿತು, ಸೆಪ್ಟೆಂಬರ್ 3ರಂದು ಎಣಿಕೆ. ಹಾರ ಹಾಕಿಸಿಕೊಂಡು ಮನೆಗೆ ಬಂದೆವು. ಅಷ್ಟರಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಅಧ್ಯಕ್ಷರಿಲ್ಲದೆ ಸಭೆಯಿಲ್ಲ, ಸಭೆಯಿಲ್ಲದೆ ಠರಾವಿಲ್ಲ. ಸಂವಿಧಾನದ ಪ್ರಕಾರ ಐದು ವರ್ಷದ ಎಣಿಕೆ ಶುರುವಾಗುವುದು ಮೊದಲ ಸಭೆಯ ದಿನದಿಂದ. ಆ ದಿನ ಬಂದದ್ದು 2020ರ ಕೊನೆಯ ಹೊತ್ತಿಗೆ. ಅಧ್ಯಕ್ಷರ ಮೊದಲ ಮೂವತ್ತು ತಿಂಗಳ ಅವಧಿ ಮುಗಿದ ಮೇಲೆ 2023ರಲ್ಲಿ ಮತ್ತೆ ಅದೇ ಕಥೆ. ಮೀಸಲಾತಿಯ ಎರಡನೆಯ ಪಟ್ಟಿ ಬರಲು 2024ರ ಆಗಸ್ಟ್ ಆಯಿತು. ಗೆದ್ದವರು ಮನೆಯಲ್ಲಿ ಕುಳಿತಿರುವಾಗ ಊರು ಕಾಯುತ್ತದೆಯೇ?

ನೀವಂತೂ ಕಾಯಲಿಲ್ಲ. ಬೀದಿದೀಪ, ಗಟಾರ, ಪಡಿತರ ಚೀಟಿ, ಕೆಲವೊಮ್ಮೆ ಅತ್ತೆ ಸೊಸೆಯರ ಜಗಳವನ್ನೂ ಹಿಡಿದುಕೊಂಡು ನನ್ನ ಬಾಗಿಲಿಗೇ ಬಂದಿರಿ. ‘ಆಕೆಗಿನ್ನೂ ಅಧಿಕಾರ ಬಂದಿಲ್ಲ’ ಎಂದು ಯಾರೋ ಅಂದಾಗ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು, ‘ಅಧಿಕಾರ ಬರದಿದ್ದರೆ ಏನಾಯಿತು, ಕಾಲುಗಳಿವೆಯಲ್ಲ? ಪುರಸಭೆಗೆ ಹೋಗಿ ಹೇಳಿ ಬರಲಿ’ ಎಂದರು. ಸದಸ್ಯೆಯ ಕೆಲಸವೇನೆಂದು ನನಗೆ ತಿಳಿಸಿದ ತರಬೇತಿ ಅದೊಂದೇ. ಅಜ್ಜಿ ಈಗಿಲ್ಲ. ಮೊದಲ ನಮಸ್ಕಾರ ಅವರಿಗೆ.

ಎರಡನೆಯದು ನಮ್ಮ ನೀರು ಬಿಡುವ ಅಣ್ಣನಿಗೆ. ಎಂಟು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಸದಸ್ಯರ ಮರ್ಯಾದೆ ಇರುವುದು ಇವರ ಕೈಯಲ್ಲಿ. ಮೇಲಿನ ಓಣಿಗೆ ನೀರು ಏರುವುದಿಲ್ಲವೆಂಬ ದೂರು ವಿಪರೀತವಾದಾಗ ಒಂದು ದಿನ ಬೆಳಗಿನ ಜಾವ ಅವರ ಹಿಂದೆ ಹೋದೆ. ಕೆಳಗಿನ ಓಣಿಯ ವಾಲ್ವನ್ನು ಅವರು ಪೂರ್ತಿ ಮುಚ್ಚುವುದಿಲ್ಲ. ಕಬ್ಬಿಣದ ಉದ್ದನೆಯ ಕೀಲಿಯನ್ನು ಕೆಲವೇ ಸುತ್ತು ತಿರುಗಿಸಿ ನಿಲ್ಲಿಸಿ, ಅದರ ಹಿಡಿಗೆ ಕಿವಿ ಹಚ್ಚಿ ಕೇಳುತ್ತಾರೆ. ಸದ್ದು ಬದಲಾಯಿತೆಂದರೆ ಮೇಲಿನ ಓಣಿಗೆ ನೀರು ಹತ್ತಿತೆಂದೇ ಅರ್ಥ. ಆಮೇಲೆ ಇನ್ನರ್ಧ ಸುತ್ತು. ಕಾಗದದ ಮೇಲೆ ಎಲ್ಲೂ ಇಲ್ಲದ ಹಳೆಯ ಪೈಪುಗಳೆಲ್ಲ ಅವರ ತಲೆಯಲ್ಲಿವೆ. ಅವರು ನಿವೃತ್ತರಾಗುವ ಮೊದಲು ಅದನ್ನೆಲ್ಲ ನಕಾಶೆಗೆ ಇಳಿಸಬೇಕೆಂದು ಸಭೆಯಲ್ಲಿ ಪಟ್ಟು ಹಿಡಿದೆ. ಅರ್ಧ ಊರಿನದು ಆಗಿದೆ, ಇನ್ನರ್ಧ ಮುಂದಿನವರಿಗೆ.

ಪೌರಕಾರ್ಮಿಕ ಅಕ್ಕಂದಿರೇ, ಪ್ರತಿ 700 ಜನರಿಗೆ ಒಬ್ಬ ಪೌರಕಾರ್ಮಿಕರೆಂಬುದು ಸರ್ಕಾರದ ಲೆಕ್ಕ. ನಮ್ಮಲ್ಲಿ ಆ ಲೆಕ್ಕ ಒಮ್ಮೆಯೂ ಸರಿಹೊಂದಲಿಲ್ಲ, ಓಣಿ ಮಾತ್ರ ದಿನವೂ ಗುಡಿಸಿದ್ದಿತ್ತು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನದಂದು ನಾವು ಶಾಲು ಹೊದಿಸುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ನೀವು ಕೇಳಿದ್ದು ಗಟ್ಟಿ ಕೈಗವಸು ಮತ್ತು ಹೊತ್ತಿಗೆ ಸರಿಯಾಗಿ ಸಂಬಳ. ಎರಡರಲ್ಲಿ ಒಂದನ್ನಾದರೂ ಕೊಡಿಸಲು ಸಾಧ್ಯವಾಯಿತು.

ಸಂತೆಯ ತಾಯಂದಿರನ್ನು ಮರೆತರೆ ಅನ್ನ ಸೇರುವುದಿಲ್ಲ. 2020ರಲ್ಲಿ ಸಂತೆ ನಿಂತು, ಆಮೇಲೆ ಶಾಲೆಯ ಮೈದಾನಕ್ಕೆ ಹೋದಾಗ ಸುಣ್ಣದ ಗೆರೆ ಎಳೆದು ಯಾರ ಜಾಗ ಎಲ್ಲೆಂದು ತೀರ್ಮಾನಿಸಿದವರು ಮೆಣಸಿನಕಾಯಿ ಮಾರುವ ಹೆಂಗಸರು, ಅಧಿಕಾರಿಗಳಲ್ಲ. ಬೀದಿಬದಿ ವ್ಯಾಪಾರಿಗಳ ಗುರುತಿನ ಚೀಟಿ ಮಾಡಿಸಿ, ಸ್ವನಿಧಿ ಯೋಜನೆಯ ಮೊದಲ ಕಂತಿನ 10,000 ರೂಪಾಯಿ ಸಾಲಕ್ಕೆ ಅರ್ಜಿ ತುಂಬಿಸುವಾಗ ಬ್ಯಾಂಕಿನ ಬಾಗಿಲಲ್ಲಿ ನನಗಿಂತ ಜೋರಾಗಿ ಮಾತನಾಡಿದವರೂ ಅವರೇ. ಸಂತೆ ಹಳೆಯ ಜಾಗಕ್ಕೆ ಮರಳಿದ ಮೇಲೆ ಅಲ್ಲೂ ಗೆರೆ ಬೇಕೆಂದರು. ಈಗ ಆಂಬುಲೆನ್ಸ್ ಸಂತೆಯ ನಡುವೆ ಸಲೀಸಾಗಿ ಹೋಗುತ್ತದೆ.

ಇನ್ನು ಬಯಲು ರಂಗಮಂದಿರ. ಕಟ್ಟಿಸಿದ್ದು ಯಾವ ಕಾಲದಲ್ಲೋ. ನಾನು ಆರಿಸಿಬಂದಾಗ ಅಲ್ಲಿ ಹಂದಿಗಳು ಮತ್ತು ಒಡೆದ ಬಾಟಲಿಗಳಿದ್ದವು. ದುರಸ್ತಿಗೆ ಹಣ ಬೇಕೆಂದು ಬರೆದ ಪತ್ರಗಳು ಎಲ್ಲೆಲ್ಲಿ ಕುಳಿತವೋ ಗೊತ್ತಿಲ್ಲ. ಓಣಿಯ ಹುಡುಗರು ಕಾಯದೆ ಕಸ ಎತ್ತಿದರು. ಬಣ್ಣದ ಅಂಗಡಿಯವರು ಉಳಿದ ಡಬ್ಬಿಗಳನ್ನು ಕೊಟ್ಟರು, ಹಾಗಾಗಿ ಹಿಂಗೋಡೆ ಮೂರು ಬಣ್ಣದಲ್ಲಿದೆ; ದಯವಿಟ್ಟು ಅದನ್ನು ಯಾರೂ ಸರಿಪಡಿಸಬೇಡಿ. ಮೊದಲ ನಾಟಕದ ರಾತ್ರಿ ಎರಡನೆಯ ಅಂಕದಲ್ಲಿ ಕರೆಂಟು ಹೋಯಿತು. ಜನ ಏಳಲಿಲ್ಲ. ಮೊಬೈಲ್ ಬೆಳಕು ಹಿಡಿದರು, ಹಾರ್ಮೋನಿಯಂ ಮಾಸ್ತರರು ನಿಲ್ಲಿಸದೆ ನುಡಿಸಿದರು, ಖಳನಾಯಕನ ಮೀಸೆ ಕಳಚಿ ಬಿದ್ದದ್ದು ಆ ಬೆಳಕಿನಲ್ಲಿ ಇನ್ನಷ್ಟು ಚೆನ್ನಾಗಿ ಕಂಡಿತು. ಊರು ಕಳೆಗಟ್ಟುವುದು ಕಾಂಕ್ರೀಟ್ ರಸ್ತೆಯಿಂದ ಎಂದು ಸಭೆಯಲ್ಲಿ ವಾದಿಸುತ್ತಿದ್ದವರೂ ಅಂದು ಮುಂದಿನ ಸಾಲಿನಲ್ಲಿದ್ದರು.

ಬಜೆಟ್ ಪುಸ್ತಕ ಓದುವುದನ್ನು ಕಲಿಸಿದ ನಿವೃತ್ತ ಗುರುಗಳಿಗೆ ನಮಸ್ಕಾರ. ‘ಮೊದಲು ಆರಂಭಿಕ ಶಿಲ್ಕು, ಅಂದರೆ ವರ್ಷದ ಆರಂಭಕ್ಕೆ ಕೈಯಲ್ಲಿರುವ ಹಣ ನೋಡಮ್ಮ, ಭಾಷಣ ಆಮೇಲೆ’ ಎಂದವರು ಅವರು. ಸಭೆಯಲ್ಲಿ ನನ್ನನ್ನು ಒಂದು ಮಾತೂ ಪೂರ್ತಿ ಆಡಲು ಬಿಡದ, ಹೊರಗೆ ಬಂದು ಚಹಾ ಕುಡಿಸುತ್ತಿದ್ದ ವಿರೋಧ ಪಕ್ಷದ ಅಣ್ಣನಿಗೂ ಸಹ. ನನ್ನ ಯಜಮಾನರಿಗೆ ಬೇರೆಯೇ ಧನ್ಯವಾದ: ಮಹಿಳಾ ಮೀಸಲು ವಾರ್ಡಿನಲ್ಲಿ ಹೆಂಡತಿ ಗೆದ್ದರೆ ಗಂಡ ‘ಸದಸ್ಯ’ನಾಗುವ ಕಾಲದಲ್ಲಿ ಇವರು ಪುರಸಭೆಯ ಮೆಟ್ಟಿಲು ಹತ್ತಿದ್ದು ಮನೆ ಕಂದಾಯ ಕಟ್ಟಲು ಮಾತ್ರ. ಸಭೆ ತಡವಾದ ದಿನ ರೊಟ್ಟಿ ಬಡಿದಿಟ್ಟಿದ್ದೂ ಉಂಟು. ದುಂಡಗಿರಲಿಲ್ಲ, ಆ ಮಾತು ಬೇರೆ.

ಒಳಚರಂಡಿಗೆಂದು ಅಗೆದ ರಸ್ತೆಯ ಧೂಳು ಕುಡಿದವರಿಗೆ ಥ್ಯಾಂಕ್ಸ್ ಎಂದರೆ ಸಾಲದು. ಹಿಂದಿನ ಓಣಿಯ ಮನೆಗಳ ಜೋಡಣೆ ಇನ್ನೂ ಆಗಬೇಕಿದೆ. ಆ ಅರ್ಜಿಗಳ ಪ್ರತಿಗಳೆಲ್ಲ ಒಂದು ಕಡತದಲ್ಲಿ ನನ್ನ ಬಳಿ ಇವೆ, ಬೇಕಾದವರು ಬಂದು ನೋಡಬಹುದು. ಮುಂದೆ ಆರಿಸಿಬರುವವರು ಯಾವ ಪಕ್ಷದವರೇ ಇರಲಿ, ಕೇಳಿದರೆ ಆ ಕಡತ ಅವರದು. ಅಲ್ಲಿಯವರೆಗೆ ದೂರುಗಳನ್ನು ನೇರವಾಗಿ ಪುರಸಭೆಗೆ ಬರೆದುಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಬರೆಯಲು ಬಾರದವರು ಸಂಜೆ ಆರರ ಮೇಲೆ ಮನೆಗೆ ಬನ್ನಿ, ಬರೆದುಕೊಡುತ್ತೇನೆ.