ತೋಟಾದ ಬಲವನ್ನು ಗುಂಡಿನ ದಪ್ಪದಿಂದ ಅಳೆಯಲಾಗದು

ಸಂಪಾದಕರಿಗೆ,

ಮಾನ್ಯರೇ,

ಸೇನಾ ಪಿಸ್ತೂಲುಗಳನ್ನು ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಅಮೆರಿಕದ .45 ಎಸಿಪಿ (ಗುಂಡಿನ ವ್ಯಾಸ .45 ಅಂಗುಲ, ಅಂದರೆ ಸುಮಾರು 11.4 ಮಿ.ಮೀ.) ತೋಟಾದ ಎದುರು 9 ಮಿ.ಮೀ. ಪ್ಯಾರಾಬೆಲಮ್ ತೋಟಾ ದುರ್ಬಲವೆಂದೂ, ಅಗ್ಗವಾದ ಕಾರಣಕ್ಕಷ್ಟೇ ಅದು ಉಳಿದುಕೊಂಡಿದೆಯೆಂದೂ ಅದರಲ್ಲಿ ಹೇಳಿರುವುದನ್ನು ಒಪ್ಪಲಾರೆ.

ಈ ತೋಟಾ ಹುಟ್ಟಿದ್ದೇ ಅಂಥದೊಂದು ಆಕ್ಷೇಪಕ್ಕೆ ಉತ್ತರವಾಗಿ. ಸ್ವಿಟ್ಜರ್ಲೆಂಡಿನ ಸೇನೆ 1900ರಲ್ಲಿ ಸ್ವೀಕರಿಸಿದ ಲೂಗರ್ ಪಿಸ್ತೂಲು 7.65 ಮಿ.ಮೀ. ಗುಂಡು ಹಾರಿಸುತ್ತಿತ್ತು. ಅದು ತೀರಾ ಸಣ್ಣದೆಂದು ಬೇರೆ ಸೇನೆಗಳು ಹಿಂಜರಿದಾಗ, ವಿನ್ಯಾಸಕಾರ ಗೇಯೋರ್ಗ್ ಲೂಗರ್ ಅದೇ ತೋಟಾದ ಹಿತ್ತಾಳೆ ಕವಚದ ಕಿರಿದಾದ ಕತ್ತನ್ನು ಅಗಲಿಸಿ 9 ಮಿ.ಮೀ. ಗುಂಡನ್ನು ಕೂರಿಸಿದರು. ಕವಚದ ಬುಡದ ಅಳತೆ ಮೊದಲಿನಂತೆಯೇ ಉಳಿದಿದ್ದರಿಂದ, ಪಿಸ್ತೂಲಿನ ನಳಿಕೆಯನ್ನು ಬದಲಿಸಿದರೆ ಬಹುಮಟ್ಟಿಗೆ ಸಾಕಾಗುತ್ತಿತ್ತು. 1904ರಲ್ಲಿ ಜರ್ಮನಿಯ ನೌಕಾಪಡೆಯೂ 1908ರಲ್ಲಿ ಭೂಸೇನೆಯೂ ಅದನ್ನು ಸ್ವೀಕರಿಸಿದವು.

ಬಲದ ಮಾತಿಗೆ ಬರುವುದಾದರೆ, 9 ಮಿ.ಮೀ. ಗುಂಡಿನ ತೂಕ ಸುಮಾರು 7.5ರಿಂದ 8 ಗ್ರಾಂ, ನಳಿಕೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. .45ರ ಗುಂಡು 14.9 ಗ್ರಾಂ ತೂಗುತ್ತದೆ, ಆದರೆ ಸುಮಾರು 255 ಮೀಟರ್ ವೇಗದಲ್ಲಷ್ಟೇ ಹೊರಡುತ್ತದೆ. ಲೆಕ್ಕ ಹಾಕಿದರೆ ಎರಡರ ಚಲನಶಕ್ತಿಯೂ 480 ಜೂಲ್‌ಗಳ ಆಸುಪಾಸಿನಲ್ಲೇ ಇರುತ್ತದೆ. ತೂಕದಲ್ಲಿ ಕಳೆದುಕೊಂಡದ್ದನ್ನು 9 ಮಿ.ಮೀ. ವೇಗದಲ್ಲಿ ಗಳಿಸಿಕೊಳ್ಳುತ್ತದೆ, ಏಕೆಂದರೆ ಅದರ ಕವಚದೊಳಗಿನ ಒತ್ತಡ .45ರದಕ್ಕಿಂತ ಬಹಳ ಹೆಚ್ಚು. .45 ದೇಹದಲ್ಲಿ ಅಗಲವಾದ ಗಾಯ ಮಾಡುತ್ತದೆಂಬುದು ನಿಜ, ಶಬ್ದದ ವೇಗವನ್ನು ದಾಟದ ಕಾರಣ ಸೈಲೆನ್ಸರ್‌ಗೆ ಅದು ಹೆಚ್ಚು ಒಗ್ಗುತ್ತದೆಂಬುದೂ ನಿಜ. ಆದರೆ ಇವು ಗುಣಭೇದಗಳೇ ಹೊರತು ಒಂದರ ಬಲಹೀನತೆಗೆ ಪುರಾವೆಗಳಲ್ಲ.

ಸೈನಿಕನಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು, 9 ಮಿ.ಮೀ. ತೋಟಾ ತೆಳುವಾಗಿಯೂ ಹಗುರವಾಗಿಯೂ ಇದ್ದು, ಹಾರಿಸಿದಾಗ ಕೈಗೆ ಕೊಡುವ ಒದೆತವೂ ಮಿತವಾಗಿರುವುದು. .45ರ ಎಂ1911 ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ 7 ತೋಟಾ ಹಿಡಿದರೆ, 1935ರ 9 ಮಿ.ಮೀ. ಪಿಸ್ತೂಲಾದ ಬ್ರೌನಿಂಗ್ ಹೈ-ಪವರ್‌ನಲ್ಲಿ 13 ಹಿಡಿಯುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಆ ಪಿಸ್ತೂಲು ಜರ್ಮನಿ ಆಕ್ರಮಿಸಿದ್ದ ಬೆಲ್ಜಿಯಂನಲ್ಲೂ, ಮಿತ್ರಪಕ್ಷಕ್ಕಾಗಿ ಕೆನಡಾದಲ್ಲೂ ತಯಾರಾಯಿತು. ಬ್ರಿಟನ್ನಿನ ಸ್ಟೆನ್ ಎಂಬ ಸಬ್‌ಮಷಿನ್ ಗನ್ನಿಗೂ (ಪಿಸ್ತೂಲಿನ ತೋಟಾಗಳನ್ನು ಒಂದೇ ಸಮನೆ ಹಾರಿಸುವ ಹಗುರ ಬಂದೂಕಿಗೂ) ಇದೇ ತೋಟಾ. ಪಿಸ್ತೂಲು, ಸಬ್‌ಮಷಿನ್ ಗನ್ ಎರಡಕ್ಕೂ ಒಂದೇ ತೋಟಾ ಸಾಕಾದರೆ ಸರಬರಾಜು ಎಷ್ಟು ಸುಗಮವಾಗುತ್ತದೆಂಬುದನ್ನು ಶಸ್ತ್ರಾಗಾರದಲ್ಲಿ ದುಡಿದ ಯಾರೂ ಬಲ್ಲರು. ನಮ್ಮಲ್ಲಿಯೂ ಬ್ರೌನಿಂಗ್ ಮಾದರಿಯಲ್ಲಿ ಇಶಾಪುರದ ಕಾರ್ಖಾನೆ ತಯಾರಿಸಿದ 1ಎ ಪಿಸ್ತೂಲು ಮತ್ತು ಬ್ರಿಟನ್ನಿನ ಸ್ಟರ್ಲಿಂಗ್ ಸಬ್‌ಮಷಿನ್ ಗನ್ನಿನ ಮಾದರಿಯ ಕಾರ್ಬೈನ್ ಈ ಒಂದೇ ತೋಟಾವನ್ನು ಬಳಸುತ್ತವೆ.

ಅಗ್ಗವೆಂಬುದೊಂದೇ ಕಾರಣವಾಗಿದ್ದರೆ, .45ನ್ನು ಅಷ್ಟು ಅಭಿಮಾನದಿಂದ ಬಳಸಿದ ಅಮೆರಿಕದ ಸೇನೆ 1985ರಲ್ಲಿ 9 ಮಿ.ಮೀ. ಬೆರೆಟ್ಟಾವನ್ನು ಸ್ವೀಕರಿಸಿ, ಮೂರು ದಶಕಗಳ ಬಳಿಕ ಅದಕ್ಕೂ ಬದಲಿ ಪಿಸ್ತೂಲನ್ನು ಆರಿಸುವಾಗ ಮತ್ತೆ 9 ಮಿ.ಮೀ.ಗೇ ಅಂಟಿಕೊಳ್ಳುತ್ತಿರಲಿಲ್ಲ. ಹಾಗಾಗಿ ಇಂಥ ಹೋಲಿಕೆಗಳನ್ನು ಪ್ರಕಟಿಸುವಾಗ ಗುಂಡಿನ ವ್ಯಾಸದ ಜೊತೆಗೆ ಅದರ ತೂಕ, ವೇಗ ಮತ್ತು ಮ್ಯಾಗಜಿನ್‌ನ ಸಾಮರ್ಥ್ಯವನ್ನೂ ಒಟ್ಟಿಗೆ ಮುದ್ರಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸೈನಿಕ, ಮಡಿಕೇರಿ